ಒಂದೇ ಗುಂಡಿ, ಹದಿನಾಲ್ಕು ಸೊಂಟ

"ಕಾಸು ಕೊಡದೆ ಸಿಗೋ ಆಪರೇಟಿಂಗ್ ಸಿಸ್ಟಮ್ ಹಾಕ್ತೀನಿ. ನೀನು ಕಣ್ಣು ಮುಚ್ಚಿಕೊಂಡು ನಡೆಸಬಹುದು, ಅಷ್ಟು ಸುಲಭದ್ದು!" ಎಂದು ಗ್ರಂಥಪಾಲಕರು ಘೋಷಿಸಿದರು.

ಮನೆಯ ಕಂಪ್ಯೂಟರು ಕಣ್ಣು ಬಿಡುವಷ್ಟರಲ್ಲಿ ಅವರ ಹೆಂಡತಿ ಎರಡು ತೋಳು ಹೊಲಿದು ಮುಗಿಸುತ್ತಿದ್ದರು. ಹೊಲಿಗೆಯೇ ಅವರ ಕಸುಬು. ಗಿರಾಕಿಗಳ ಅಳತೆಯೆಲ್ಲ ಆ ಡಬ್ಬದೊಳಗಿತ್ತು.

ಇಪ್ಪತ್ತೆರಡು ವರ್ಷ ಪುಸ್ತಕಗಳನ್ನು ವಿಂಗಡಿಸಿದ ಕೈ, ಸುಮ್ಮನೆ ಆರಿಸುತ್ತದೆಯೇ? ಲಿನಕ್ಸ್ ಎಂಬ ಆ ಬಿಟ್ಟಿ ಸಿಸ್ಟಮ್ಮಿನ ಹದಿನೇಳು ತಳಿಗಳ ಕುಲಗೋತ್ರ ಜಾಲಾಡಿದರು. ಎಲ್ಲದರ ಹಣೆಯ ಮೇಲೂ 'ಹೊಸಬರಿಗೆ ಅತಿ ಸುಲಭ' ಎಂದೇ ಬರೆದಿತ್ತು! ಅಂತರ್ಜಾಲದಲ್ಲಿ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೊಳೆದು ಒಣಗಹಾಕಿದ್ದ. ಮೂರು ವಾರ ಕಳೆಯಿತು.

"ನನ್ನನ್ನ ಮದುವೆಯಾಗೋಕೆ ಇಷ್ಟು ಯೋಚನೆ ಮಾಡ್ಲಿಲ್ಲವಲ್ರೀ!"

"ಅದಕ್ಕೇ ಈಗ ಮಾಡ್ತಿರೋದು."

ಭಾನುವಾರ ಬೆಳಿಗ್ಗೆ ಅಂತೂ ಒಂದನ್ನು ಆರಿಸಿ ಪೆನ್‌ಡ್ರೈವ್ ಸಿಕ್ಕಿಸಿದರು. 'ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?' ಎಂದು ಪರದೆ ವಿನಯದಿಂದ ಕೇಳಿತು. ಹಳೆಯ ಪೀಡೆ ತೊಲಗಲಿ ಎಂದು ಗುಂಡಿ ಒತ್ತಿಯೇಬಿಟ್ಟರು. ಪರದೆ ಫಳಫಳ!

"ಗಾಯಕಿಯರ ತಂಡದ ಅಳತೆ ಎಲ್ರೀ? ಹದಿನಾಲ್ಕು ಜನ! ಇವತ್ತು ಬಟ್ಟೆ ಕತ್ತರಿಸಬೇಕು, ಶುಕ್ರವಾರ ಅವರು ವೇದಿಕೆ ಹತ್ತಬೇಕು!"

"ಇನ್ನೊಂದು ಪ್ರತಿ ಇಟ್ಕೋ ಅಂತ ಹೇಳಿರ್ಲಿಲ್ವಾ?"

"ಇಟ್ಟಿದ್ದೆ. ಅದೇ ಕಂಪ್ಯೂಟರಲ್ಲಿ, 'ಭದ್ರ' ಅನ್ನೋ ಫೋಲ್ಡರಲ್ಲಿ. ಮಾಡಿಕೊಟ್ಟೋರು ನೀವೇ!"

ಒತ್ತಿದ್ದು ಒಂದು ಗುಂಡಿ, ಬಿದ್ದದ್ದು ಇನ್ನೊಂದು ಗುಂಡಿ! ಹೆಂಡತಿ ತಮ್ಮ ಫೋನನ್ನು ಅವರ ಕೈಗೆ ತುರುಕಿದರು. "ನೀವೇ ಅಳಿಸಿದ್ದು, ನೀವೇ ಕೇಳಿ. ನಾನು ಸೊಂಟದ ಪಟ್ಟಿಯಿಂದಲೇ ಶುರುಮಾಡ್ತೀನಿ."

ಫೋನಿನಲ್ಲಿ ಗಿರಾಕಿಗಳ ಹೆಸರೇ ಇರಲಿಲ್ಲ. ದರ್ಜಿಯ ಕಣ್ಣಿಗೆ ಕಂಡ ಗುರುತುಗಳಷ್ಟೇ ಇದ್ದವು. ಮೊದಲನೆಯವರು 'ನೀಲಿ ಕಾಲರ್'. "ನಮಸ್ಕಾರ, ನಿಮ್ಮ ಸೊಂಟ..." ಎನ್ನುವಷ್ಟರಲ್ಲಿ ಫೋನು ಕಟ್. 'ಜೇಬು ಬೇಕೇ ಬೇಕು' ಎಂಬವರ ಗಂಡ ಫೋನು ಕಸಿದುಕೊಂಡ.

"ಯಾರಯ್ಯಾ ನೀನು?"

"ಗ್ರಂಥಪಾಲಕ."

"ಪುಸ್ತಕಕ್ಕೆ ಸೊಂಟ ಯಾಕಯ್ಯಾ?"

ಹೆಂಡತಿಯ ಹೆಸರು ಹೇಳಿ, ಕೈಮುಗಿಯುವ ದನಿಯಲ್ಲಿ ಬೇಡಿದ ಮೇಲೆ ಒಬ್ಬೊಬ್ಬರೇ ಅಳತೆ ಕೊಟ್ಟರು. ಹೆಂಡತಿ ಪಟ್ಟಿ ನೋಡಿ ಹಣೆ ಚಚ್ಚಿಕೊಂಡರು. "ಇಪ್ಪತ್ತೆಂಟಾ? ನಾನು ಅಳೆದಾಗ ಮೂವತ್ತಾರಿತ್ತು! ಅವರು ಹೇಳಿದ್ದನ್ನೇ ಬರ್ಕೊಂಡ್ರಾ?"

ಹದಿಮೂರು ಮುಗಿಯುವಷ್ಟರಲ್ಲಿ ಗ್ರಂಥಪಾಲಕರಿಗೆ ತಲೆ ಕೆಟ್ಟುಹೋಗಿತ್ತು. ಉಳಿದ ಒಬ್ಬರು 'ಉಸಿರು ಬಿಗಿಹಿಡಿಯೋರು'. ಈ ಸಲ ಮೋಸಹೋಗಬಾರದೆಂದು, ಅತ್ತ 'ಹಲೋ' ಕೇಳಿದ್ದೇ ತಡ, ಅರಚಿದರು:

"ಮೇಡಂ, ಫೋನ್ ಇಡಬೇಡಿ! ಹೊಟ್ಟೆ ಒಳಗೆ ಎಳ್ಕೋಬೇಡಿ! ಉಸಿರು ಪೂರ್ತಿ ಬಿಟ್ಟು ಸೊಂಟದ ನಿಜವಾದ ಅಳತೆ ಹೇಳಿ!"

ಅತ್ತ ಕಡೆಯಿಂದ ಬಂದ ದನಿಯನ್ನು ಅವರು ಒಂಬತ್ತು ವರ್ಷಗಳಿಂದ ಕೇಳುತ್ತಲೇ ಇದ್ದರು, ರಜಾ ಅರ್ಜಿ ಕೊಟ್ಟಾಗಲೆಲ್ಲ. ಅವರ ಮೇಲಧಿಕಾರಿಣಿ!

"ಗ್ರಂಥಪಾಲಕರಲ್ವಾ ಮಾತಾಡ್ತಿರೋದು?"

"ಹೌ... ಹೌದು ಮೇಡಂ."

"ನಾಳೆ ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ. ಟೇಪು ತರಬೇಡಿ."