ಮೊಣಕಾಲು, ಗುಳಿಗೆ ಮತ್ತು ಗೋಡೆಯ ಕಿಂಡಿ

ನಿಮ್ಮ ಮನೆಯ ಗೋಡೆಯಾಚೆ ವಾಸಿಸುವವರು ನಿನ್ನೆ ಏನು ಉಂಡರೆಂಬುದನ್ನು ನೀವು ಬಲ್ಲಿರಾ? ಥಟ್ಟನೆ ಉತ್ತರಿಸಬಲ್ಲವರು ಈ ಬರಹವನ್ನು ಇಲ್ಲಿಗೇ ಮುಚ್ಚಿಟ್ಟು ತಮ್ಮ ಕೆಲಸಕ್ಕೆ ತೆರಳಬಹುದು. ನಾನಂತೂ ಉತ್ತರಿಸಲಾರೆ. ಕಾಲೇಜಿನ ಚರ್ಚಾಕೂಟದಲ್ಲಿ ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಬಹುಮಾನದ ಕಪ್‌ಗಳನ್ನು ಗೆದ್ದವನು ನಾನು. ಗೆದ್ದ ಮೇಲೆ ಸಮಾಜವನ್ನು ತಿದ್ದಲು ಹೊರಟೆ. ಆ ಗಡಿಬಿಡಿಯಲ್ಲಿ ಮದುವೆಗೆ ಬಿಡುವಾಗಲಿಲ್ಲ. ಬಿಡುವಾದಾಗ ಯಾರೂ ಆ ಮಾತನ್ನು ಎತ್ತಲಿಲ್ಲ. ಹೀಗಾಗಿ ನನ್ನ ಕೋಣೆಯಲ್ಲಿ ನನ್ನ ವಾದಕ್ಕೆ ಎದುರು ಹೇಳುವವರಿಲ್ಲ. ಎದುರಾಳಿಯಿಲ್ಲದ ಗೆಲುವು ಎಷ್ಟು ಸಪ್ಪೆಯೆಂಬುದು ದಿನವೂ ಗೆಲ್ಲುವವನಿಗೇ ಗೊತ್ತು.

ಕೋಣೆ ಇರುವುದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಹಿಂದೆ ಅದು ಒಂದೇ ದೊಡ್ಡ ಮನೆಯಾಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತು. ಆದರೆ ಒಲೆಯ ಕೆಂಡಕ್ಕೋ ಮಜ್ಜಿಗೆಗೋ ಹೊರಗೆ ಸುತ್ತಿ ಬರಬೇಕಾದೀತೆಂದು ಹೆಂಗಸರು ಹಟ ಹಿಡಿದು, ಗೋಡೆಯಲ್ಲಿ ಕೈ ತೂರುವಷ್ಟು ದೊಡ್ಡದಾದ ಕಿಂಡಿಯೊಂದನ್ನು ಬಿಡಿಸಿಕೊಂಡರಂತೆ. ಆ ಅಣ್ಣತಮ್ಮಂದಿರು ಊರು ಬಿಟ್ಟರು, ಕಿಂಡಿ ಉಳಿಯಿತು. ಈಗ ಆಚೆ ನೇಕಾರ ಹುಸೇನಸಾಬರು ಮತ್ತು ಅವರ ತಾಯಿ ಬೀಬಿಜಾನ್, ಈಚೆ ಭಾಷಣದ ದೆಸೆಯಿಂದ ಓಣಿಗೆಲ್ಲ ಮಾಸ್ತರನಾದ ನಾನು. ಮೊದಮೊದಲು ಸಂಜೆಯಾಗುತ್ತಲೇ "ಮಾಸ್ತರ್ರ, ಕೈ ಮುಂದ ಮಾಡ್ರಿ" ಎಂಬ ದನಿ ಬರುತ್ತಿತ್ತು. ದನಿಯ ಹಿಂದೆ ಬಳೆಯ ಕೈ, ಕೈಯಲ್ಲಿ ಜೋಳದ ರೊಟ್ಟಿ, ರೊಟ್ಟಿಯ ಮೇಲೆ ಅಗಸೆ ಬೀಜ ಹುರಿದು ಕುಟ್ಟಿದ ಹಿಂಡಿ. ಬೀಬಿಜಾನರ ಮುಖಕ್ಕಿಂತ ನನಗೆ ಅವರ ಕೈಯೇ ಹೆಚ್ಚು ಪರಿಚಿತ.

ಹೀಗಿರುವಾಗ ನಾನು ಸಾಗವಾನಿಯ ಕಪಾಟೊಂದನ್ನು ಕೊಂಡೆ. ಕೋಣೆಯ ಒಂದು ಗೋಡೆಗೆ ಬಾಗಿಲು, ಇನ್ನೊಂದಕ್ಕೆ ಕಿಟಕಿ, ಮೂರನೆಯದು ಸದಾ ತೇವ. ಉಳಿದದ್ದು ಕಿಂಡಿಯ ಗೋಡೆ. ಕಪಾಟಿನ ಇನ್ನೊಂದು ತುದಿ ಹಿಡಿದವರು ಹುಸೇನಸಾಬರೇ.

"ಕಿಂಡಿ ಮುಚ್ಚತೈತಲ್ರಿ?" ಎಂದರು.

ಗ್ರಂಥಗಳೇ ಮಾನವನ ನಿಜವಾದ ಕಿಂಡಿಗಳೆಂದು ನಾನು ಪುಟ್ಟ ಭಾಷಣ ಮಾಡಿದೆ.

"ಆತು ಬಿಡ್ರಿ, ಓದೋರ ಮನಿ" ಎಂದು ಅವರು ಕೈ ಝಾಡಿಸಿಕೊಂಡು ಹೋದರು. ಆಮೇಲೆ ಆ ಗೋಡೆಯಿಂದ ನನ್ನತ್ತ ಬಂದದ್ದು ಮಗ್ಗದ ಖಟಕ್ ಖಟಕ್ ಒಂದೇ.

ಈ ನಡುವೆ ನನ್ನ ಬಲಮೊಣಕಾಲು ಊದಿಕೊಂಡಿತು. ಕಿರಾಣಿ ಅಂಗಡಿಯಲ್ಲಿ ಬೀಡಿ ಕಟ್ಟುಗಳ ಪಕ್ಕ ತೂಗುಬಿಟ್ಟ ನೋವಿನ ಗುಳಿಗೆಗಳನ್ನು ತಂದು ನುಂಗತೊಡಗಿದೆ. ಅದೇ ದಿನಗಳಲ್ಲಿ ಕಾಲೇಜಿನ ವಾಚನಾಲಯದ ವಿಜ್ಞಾನ ಪತ್ರಿಕೆಯೊಂದರಲ್ಲಿ ಐಕೊಸನಾಯ್ಡ್ ಎಂಬ ಹೊಸ ಹೆಸರು ಕಂಡಿತು. ನಾವು ಉಣ್ಣುವ ಎಣ್ಣೆಕಾಳುಗಳ ಕೊಬ್ಬಿನಿಂದ ಜೀವಕೋಶಗಳು ತಮ್ಮ ಗೋಡೆಯಲ್ಲೇ ಕಟ್ಟಿಕೊಳ್ಳುವ ರಸಗಳಂತೆ ಅವು. ಹಾರ್ಮೋನುಗಳು ಟಪಾಲಿನಂತೆ ರಕ್ತದಲ್ಲಿ ಮೈಯೆಲ್ಲ ಸಂಚರಿಸಿದರೆ, ಇವು ಪಕ್ಕದ ಕೋಶವನ್ನಷ್ಟೇ ಕೂಗಿ ಕರೆದು ಕ್ಷಣಮಾತ್ರದಲ್ಲಿ ಅಳಿದುಹೋಗುತ್ತವೆ. ಗಾಯವಾದಲ್ಲಿ ಊತ, ನೋವು, ಜ್ವರ ಇವುಗಳ ಕೆಲಸ. ರಕ್ತ ಹೆಪ್ಪುಗಟ್ಟಲೆಂದು ಒಂದು ವಾದಿಸಿದರೆ ಬೇಡವೆಂದು ಇನ್ನೊಂದು ವಾದಿಸುತ್ತದೆ. ಇಬ್ಬರೂ ಸರಿಯಾಗಿ ವಾದಿಸಿದರೆ ಮನುಷ್ಯ ಬದುಕುತ್ತಾನೆ. ಚರ್ಚಾಪಟುವಾದ ನನಗೆ ಇದನ್ನು ಓದಿ ರೋಮಾಂಚನವಾಯಿತು. ಜಠರದ ಒಳಪದರವನ್ನು ಆಮ್ಲದಿಂದ ಕಾಯುವವೂ ಇವೇ. ಆಸ್ಪಿರಿನ್‌ನಂಥ ಗುಳಿಗೆ ಮೊಣಕಾಲಿನ ಕೂಗನ್ನು ಅಡಗಿಸುವಾಗ ಜಠರದ ಕಾವಲುಗಾರರ ಬಾಯಿಯನ್ನೂ ಕಟ್ಟಿಬಿಡುತ್ತದೆ.

ಇಷ್ಟು ತಿಳಿದ ಸುಧಾರಕ ಸುಮ್ಮನಿರುವುದುಂಟೇ? ಮುಂಡರಗಿಯಲ್ಲಿ ಮಾತನಾಡಿದೆ, ಹುಲಕೋಟಿಯಲ್ಲಿ ಮಾತನಾಡಿದೆ. ವೈದ್ಯರನ್ನು ಕೇಳದೆ ಗುಳಿಗೆ ನುಂಗಬೇಡಿ, ಬರಿಹೊಟ್ಟೆಯಲ್ಲಂತೂ ಬೇಡವೇ ಬೇಡ ಎಂದು ಮೇಜು ಗುದ್ದಿದೆ. ಕೊನೆಗೆ ಲಕ್ಷ್ಮೇಶ್ವರದ ಸರದಿ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಜ್ಜನೊಬ್ಬ ಎದ್ದು ನಿಂತ.

"ಎಲ್ಲಾ ಖರೆ ಐತ್ರಿ ಸಾಹೇಬ್ರ. ನಿಮ್ಮದು ಊಟ ಆತೇನ್ರಿ?"

"ಆತು" ಎಂದೆ.

ವಸ್ತುಸ್ಥಿತಿ ಬೇರೆಯಿತ್ತು. ಬಸ್ಸು ಶಿರಹಟ್ಟಿಯಲ್ಲಿ ನಿಂತಾಗ ಅರ್ಧ ಕಪ್ ಚಹದೊಂದಿಗೆ ಗುಳಿಗೆ ನುಂಗಿದ್ದೆ. ಹಿಂದಿನ ದಿನವೂ ಖಾನಾವಳಿಗೆ ಹೋಗಿರಲಿಲ್ಲ. ಎದುರಿನ ಕುರ್ಚಿ ಖಾಲಿಯಿದ್ದರೆ ಖಾನಾವಳಿಯ ರೊಟ್ಟಿ ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ. ಮರಳುವ ಬಸ್ಸಿನಲ್ಲಿ ನನ್ನ ಜಠರ ನನ್ನ ಭಾಷಣದ ಪ್ರತಿಯೊಂದು ವಾಕ್ಯವನ್ನೂ ಸಾಧಿಸಿ ತೋರಿಸಿತು.

ಮರುದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ, ಅದರ ಮರುದಿನವೂ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಗ್ಗದ ಸದ್ದು ನಿಂತಿತು. ಬಾಗಿಲಲ್ಲಿ ಹುಸೇನಸಾಬರು.

"ಏನ್ರಿ ಮಾಸ್ತರ್ರ, ನಿಮ್ಮ ಭಾಷಣ ಕೇಳಸವಲ್ದು? ಮಾತು ತಿಳೀದಿದ್ರೂ ದಿನಾ ಮುಂಜಾನೆ ಕಪಾಟಿನ ಹಿಂದಿಂದ ದನಿ ಕೇಳತಿತ್ತು. ಮಾಸ್ತರ್ ಅದಾರೋ ಇಲ್ಲೋ ನೋಡಿ ಬಾ ಅಂತ ಅಮ್ಮ ಜೀವಾ ತಿಂದ್ಳು."

ಮುಂಜಾನೆ ನಾನು ಗೋಡೆಗೆ ಮುಖ ಮಾಡಿ ಭಾಷಣ ಅಭ್ಯಾಸ ಮಾಡುವಾಗ ಆಚೆ ಸಭೆಯೊಂದು ನೆರೆದಿರುತ್ತಿತ್ತೇ!

"ಆರಾಮ ಅದೀನ್ರಿ" ಎಂದೆ.

"ಆರಾಮ ಇದ್ದೋರ ಮಾರಿ ಹಿಂಗ ಇರತೈತೇನ್ರಿ? ಊಟ?"

"ಆತು."

ಅವರು ಮೂಲೆಯ ಒಲೆಯತ್ತ ಕಣ್ಣು ಹಾಯಿಸಿದರು. "ಒಲ್ಯಾಗ ಬೆಕ್ಕು ಮಲಗೈತಿ, ಊಟ ಆತಂತ! ನಮ್ಮ ಅಮ್ಮಂದೂ ಹಿಂಗ. ಮೊಣಕಾಲ ಹಿಡದಾವು, ಅಂಗಡಿ ಗುಳಿಗಿ ನುಂಗತಾಳ, ಹೊಟ್ಟಿ ಉರೀತೈತಿ ಅಂತಾಳ. ಸುತ್ತಿ ಬಂದು ನಿಮ್ಮ ಕಟ್ಟಿ ಹತ್ತಾಕ ಆಗವಲ್ದು. ಅದಕ್ಕ ನಿಮ್ಮ ರೊಟ್ಟಿ ನಿಂತಾವ."

ನಾನು ಮೊಣಕೈಯೂರಿ ಎದ್ದು ಕುಳಿತು, ಗುಳಿಗೆ ನಿಲ್ಲಿಸಿ ಮೊದಲು ಅವರನ್ನು ಡಾಕ್ಟರಿಗೆ ತೋರಿಸಿರೆಂದೆ.

"ಭಲೆ ಮಾಸ್ತರ್ರ! ಇದನ್ನ ಲಕ್ಷ್ಮೇಶ್ವರಕ್ಕ ಹೋಗಿ ಹೇಳಿ ಬಂದ್ರಿ. ಗೋಡಿ ಆಚಿಗಿ ಹೇಳಾಕ ಬಸ್ ಇರಲಿಲ್ಲೇನು?" ಎಂದು ನಕ್ಕು, ಕಪಾಟಿನ ಅಂಚಿಗೆ ಕೈಯಿಟ್ಟರು. "ಸರಸೋಣೇನ್ರಿ?"

ಹೂಂ ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಬಹುಕಾಲದ ರೂಢಿಯ ನಾಲಗೆ ನನ್ನನ್ನು ಕೇಳದೆಯೇ "ಏನೂ ಬ್ಯಾಡ್ರಿ, ನಿಮಗ್ಯಾಕ ತ್ರಾಸ" ಎಂದುಬಿಟ್ಟಿತು. ಅವರು ಕಪಾಟಿನಿಂದ ಕೈ ತೆಗೆದು ಹೊರಟುಹೋದರು. ಸ್ವಲ್ಪ ಹೊತ್ತಿಗೆ ಮಜ್ಜಿಗೆ ಅನ್ನ ತಂದಿಟ್ಟು ಮಗ್ಗಕ್ಕೆ ಮರಳಿದರು. ಬೀಬಿಜಾನರನ್ನು ಡಾಕ್ಟರು ನೋಡಿದರೆಂದೂ, ಅಂಗಡಿಯ ಗುಳಿಗೆ ಬಿಡಿಸಿದರೆಂದೂ ಆಮೇಲೆ ಓಣಿಯವರಿಂದ ತಿಳಿಯಿತು. ನನ್ನ ಹೊಟ್ಟೆಯೂ ಈಗ ಶಾಂತವಾಗಿದೆ. ಮುಂಜಾನೆಯ ಭಾಷಣವನ್ನು ಸ್ವಲ್ಪ ಗಟ್ಟಿಯಾಗಿಯೇ ಮಾಡುತ್ತೇನೆ.

ಇಷ್ಟೇ ನನ್ನ ಕಷ್ಟ. ಎರಡೂ ಪಕ್ಷಗಳಲ್ಲಿ ವಾದಿಸಿ ಪಳಗಿದ ಈ ನಾಲಗೆಗೆ "ಬರ್ರಿ, ಒಂದು ಕೈ ಹಿಡೀರಿ" ಎಂಬ ಪಕ್ಷ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ನೋಡಿ, ಗೋಡೆಯಾಚೆಗೆ ಹೇಳಬೇಕಾದ ಮಾತನ್ನು ಈಗಲೂ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತಿದ್ದೇನೆ. ಕಪಾಟು ಭಾರವಾಗಿದೆ, ಸರಿಸಲು ಇಬ್ಬರು ಬೇಕು. ಬೆಟಗೇರಿಯ ಕಡೆ ಬಂದರೆ ದಯವಿಟ್ಟು ನಮ್ಮ ಓಣಿಗೆ ಬನ್ನಿ. ನಾನು ಬೇಡವೆಂದರೆ ಕೇಳಬೇಡಿ. ಕಪಾಟಿನ ಇನ್ನೊಂದು ತುದಿ ಹಿಡಿಯಿರಿ.