ನನ್ನ ಮಾವನ ಹೊಸ ವಿಳಾಸ

ನನ್ನ ಸೋದರಮಾವನ ಮನೆಯ ವಿಳಾಸ ಗೊತ್ತಿಲ್ಲದವರು ಕಾರವಾರದಿಂದ ಅಂಕೋಲೆಯವರೆಗೆ ಯಾರಾದರೂ ಉಳಿದಿದ್ದರೆ, ಅವರು ನಿನ್ನೆಯಷ್ಟೇ ಹುಟ್ಟಿದ ಕೂಸುಗಳಿರಬೇಕು! ಅವಕ್ಕೂ ನಾಮಕರಣದ ದಿನ ತಿಳಿಯುತ್ತದೆ ಬಿಡಿ, ಮಾವ ಊಟಕ್ಕೆ ಹೋಗೇ ಹೋಗುತ್ತಾರಲ್ಲ.

ಮಾವ ಮೂವತ್ತು ವರ್ಷ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದವರು. ಕೆಲಸ ಅಲ್ಲಿಯ ವಿದ್ಯುತ್ ಸ್ಥಾವರದ ಸ್ಟೋರಿನಲ್ಲಿ. ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಕೊಟ್ಟವರ ಸಹಿ, ಪಡೆದವರ ಸಹಿ ಎರಡೂ ಬೇಕು ಎನ್ನುವ ಪೈಕಿ. ನಿವೃತ್ತರಾದ ಮೇಲೆ ಶೆಟಗೇರಿಯಲ್ಲಿ, ತಮ್ಮ ಪಾಲಿಗೆ ಬಂದ ಗದ್ದೆಯ ಅಂಚಿನಲ್ಲಿ ಮನೆ ಕಟ್ಟಿಸಿಕೊಂಡರು. ನಾವು ನೀವಾದರೆ ಏನು ಮಾಡುತ್ತೇವೆ? ಆಧಾರ್, ಬ್ಯಾಂಕು, ಗ್ಯಾಸು, ಪಿಂಚಣಿ, ರೇಷನ್ ಕಾರ್ಡು, ಇಷ್ಟರಲ್ಲಿ ವಿಳಾಸ ಬದಲಿಸುವ ಹೊತ್ತಿಗೆ ಸುಸ್ತಾಗಿ ಮಲಗುತ್ತೇವೆ. ಮಾವನಿಗೆ ಅದು ಬರೀ ಪೀಠಿಕೆ! ಬ್ಯಾಂಕಿನ ಹುಡುಗಿ ಮೊಬೈಲಿನಲ್ಲೇ ಬದಲಿಸಬಹುದು ಎಂದಳಂತೆ. "ಮೊಬೈಲಿಗೆ ಹೇಳಿದ್ರೆ ಮೊಬೈಲಿಗೆ ಗೊತ್ತಾಯ್ತು. ನಿಮಗೆ ಗೊತ್ತಾಗೂದು ಯಾವಾಗ?" ಎಂದು ಮಾವ ಅವಳೆದುರು ಕೂತು, ಮನೆಗೆ ಬರುವ ದಾರಿಯನ್ನೂ ವಿವರಿಸಿ, ಅವಳ ಬಾಯಲ್ಲಿ ಒಮ್ಮೆ ಹೇಳಿಸಿಯೇ ಎದ್ದರು.

ಇದಕ್ಕೊಂದು ಕಾರಣವಿತ್ತು. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹೊಸ ಮನೆ ಅವರ ತಲೆಯೊಳಗೆ ಇಳಿಯಲೇ ಇಲ್ಲ. ಸಂಜೆಯಾದರೆ ಕೊಡೆ ಹಿಡಿದು ಜಗಲಿಗೆ ಬಂದು, ಹೊತ್ತಾಯ್ತು, ಮನೆಗೆ ಹೋಗ್ವಾ ಎನ್ನುತ್ತಿದ್ದರು. ಒಂದೆರಡು ಸಲ ಹೊರಟೂ ಹೋಗಿದ್ದರು. ಎಷ್ಟೆಂದು ಕಾಯುವುದು? ಮಾವ ತಮ್ಮ ಸ್ಟೋರಿನ ಬುದ್ಧಿ ಓಡಿಸಿದರು. ಅವಳಿಗೆ ಮನೆ ಮರೆತರೆ ಮರೆಯಲಿ, ದಾರಿಯಲ್ಲಿ ಸಿಗುವವರಿಗೆಲ್ಲ ನೆನಪಿದ್ದರೆ ಸಾಕು, ಹೇಗಾದರೂ ತಂದು ಮುಟ್ಟಿಸುತ್ತಾರೆ!

ಹಾಗಾಗಿ ವಿಳಾಸದ ಚೀಟಿಗಳ ಕಟ್ಟೊಂದು ಅಂಗಿಯ ಕಿಸೆ ಸೇರಿತು. ಬಸ್ಸಿನ ಕಂಡಕ್ಟರುಗಳಿಗೆ, ರಿಕ್ಷಾದವರಿಗೆ, ಎಳನೀರು ಮಾರುವವನಿಗೆ, ದರ್ಜಿಗೆ, ಕೊನೆಗೆ ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿದ್ದ ಯಾರೋ ಧಾರವಾಡದ ಪ್ರವಾಸಿಗರಿಗೂ ಒಂದೊಂದು ಚೀಟಿ! ಮೀನಿನ ಹೆಂಗಸಂತೂ ಒಂದು ದಿನ ಬುಟ್ಟಿ ಇಳಿಸಿ ಕೇಳಿಯೇಬಿಟ್ಟಳು: "ಬಂಗಡೆ ತಕಂಬೂದಾದ್ರೆ ತಕಣಿ. ವಾರ ವಾರ ಚೀಟಿ ಕೊಟ್ರೆ ನಾ ಅದ್ರದ್ದು ಎಂತ ಸಾರು ಮಾಡ್ಲಿ?" ಹೋದ ವಾರದ್ದು ಬುಟ್ಟಿಯ ನೀರಿಗೆ ನೆನೆದಿರಬಹುದು, ಅದಕ್ಕೇ ಹೊಸತು ಎಂದರಂತೆ ಮಾವ, ತೀರಾ ಗಂಭೀರವಾಗಿ.

ದೇವರನ್ನಾದರೂ ಬಿಟ್ಟರೇ? ಅದೂ ಇಲ್ಲ. ನಮ್ಮ ಕಡೆ ಗ್ರಾಮದೇವರ ಮುಂದೆ ಪ್ರಸಾದ ಕೇಳುವ ಪದ್ಧತಿಯಿದೆ. ಪೂಜೆ ಮಾಡುವ ಗುನಗ ಮೂರ್ತಿಗೆ ಹೂವಿನ ಎಸಳು ಅಂಟಿಸಿ, ಭಕ್ತರ ಮಾತನ್ನು ದೇವರಿಗೆ ಹೇಳುತ್ತಾನೆ. ಬಲಗಡೆಯ ಎಸಳು ಬಿದ್ದರೆ ಒಪ್ಪಿಗೆ. ಜನ ಮಗಳ ಮದುವೆ ಕೇಳುತ್ತಾರೆ, ಬೋರ್‌ವೆಲ್ ಕೇಳುತ್ತಾರೆ. ಮಾವ ವಿಳಾಸ ಹೇಳಿಸಿದರು, ಅದೂ ಪಿನ್‌ಕೋಡ್ ಸಮೇತ! ದೇವರು ಇದೇ ಊರಿನವ, ಅವನಿಗೆ ಪಿನ್‌ಕೋಡ್ ಎಂತಕ್ಕೆ ಎಂದು ಗುನಗ ಗೊಣಗಿದ. ಹೇಳಿಡು, ಇದ್ದರೆ ತೊಂದರೆ ಏನಿಲ್ಲ ಎಂದರು ಮಾವ. ಸುಮಾರು ಹೊತ್ತು ಕಾದ ಮೇಲೆ ಎಸಳು ಬಲಕ್ಕೇ ಬಿತ್ತು. ಮಾವ ಅದನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದು, ಬ್ಯಾಂಕಿನವರು ಕೊಟ್ಟ ಸ್ವೀಕೃತಿ ಪತ್ರದ ಜೊತೆಗೆ ಫೈಲಿಗೆ ಹಾಕಿದರು.

ಕೊನೆಗೆ ಮಲ್ಲಾಪುರಕ್ಕೂ ಹೋಗಿ, ತಮ್ಮ ಹಳೆಯ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಸಂಸಾರದ ಸ್ವಿಚ್‌ಬೋರ್ಡಿನ ಪಕ್ಕ ಒಂದು ಚೀಟಿ ಅಂಟಿಸಿ, ಫೋನ್ ನಂಬರನ್ನೂ ಬರೆದಿಟ್ಟು ಬಂದರು. ಬಿಟ್ಟ ಮನೆಗೇ ವಿಳಾಸ ಕೊಟ್ಟು ಬಂದವರನ್ನು ಇದೇ ಮೊದಲು ನೋಡಿದ್ದು ಎಂದು ನಾನು ಚುಡಾಯಿಸಿದೆ. ಮಾವ ನಗಲಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ಮಾವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ನಾವು ಗದ್ದೆ, ಬಾವಿ, ಬಸ್ ಸ್ಟ್ಯಾಂಡು ಎಲ್ಲ ಹುಡುಕಿದೆವು. ಮಧ್ಯಾಹ್ನ ಮಲ್ಲಾಪುರದ ಆ ಮನೆಯಿಂದಲೇ ಫೋನು ಬಂತು. ಹೊಸ ಮನೆಯ ಅಡುಗೆಕೋಣೆ ಎಲ್ಲಿದೆ ಎಂದು ನೆನಪಿಲ್ಲದ ಅತ್ತೆ, ಬಸ್ಸಿನ ಮೇಲೆ ಬಸ್ಸು ಬದಲಿಸಿಕೊಂಡು ಸರಿಯಾಗಿ ಅಲ್ಲಿಗೇ ಹೋಗಿದ್ದರು! ಅಷ್ಟೊಂದು ಕಂಡಕ್ಟರುಗಳಲ್ಲಿ ಚೀಟಿ ಸಿಗದವರೇ ಆ ದಿನ ಡ್ಯೂಟಿಯಲ್ಲಿದ್ದರೋ ಏನೋ. ನನ್ನ ಕಾರಿನಲ್ಲಿ ಕೂತ ಮಾವ ದಾರಿಯುದ್ದಕ್ಕೂ ಕಿಸೆಯ ಚೀಟಿಗಳನ್ನು ಎಣಿಸುತ್ತಲೇ ಇದ್ದರು.

ಅತ್ತೆ ಆ ಮನೆಯ ಒಡತಿಯೇ ತಾವೆಂಬಂತೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಿಜವಾದ ಒಡತಿ, ಪಾಪ, ನೆಂಟಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಮಾವನನ್ನು ಕಂಡು ಅತ್ತೆ ಸೆರಗು ಸರಿಮಾಡಿಕೊಂಡರು.

"ಬನ್ನಿ, ಕೂತ್ಕಣಿ. ನಮ್ಮನೆಯವ್ರು ಡ್ಯೂಟಿಗೆ ಹೋಗಿದ್ರು, ಈಗ ಬತ್ರು. ನಿಮ್ಮನೆ ಎಲ್ಲಾಯ್ತು?"

ಅತ್ತೆ ಮಾವನನ್ನೇ ಮರೆತದ್ದು ಅದೇ ಮೊದಲು. ಮಾವ ಕುರ್ಚಿಯ ಅಂಚಿನಲ್ಲಿ ಕೂತು, ಇಡೀ ಸೀಮೆಗೆ ಹೇಳಿದ್ದನ್ನು ಅತ್ತೆಗೆ ಹೇಳಿದರು. ಶೆಟಗೇರಿ, ಬಸ್ಸಿಳಿದು ಎಡಕ್ಕೆ, ಗದ್ದೆಯ ಅಂಚಿನ ಮೂರನೇ ಮನೆ.

"ದೂರ ಆಯ್ತು. ಮನೇಲಿ ಯಾರಿದ್ರು?" ಎಂದರು ಅತ್ತೆ.

"ಹೆಂಡ್ತಿ ಒಬ್ಳು."

"ಹಂಗಾರೆ ಹೊತ್ತು ಮಾಡ್ಬೇಡಿ. ಪಾಪ, ಅದು ಕಾಯ್ತಾ ಇರ್ತದೆ."

"ನೀವೂ ಬನ್ನಿ," ಎಂದರು ಮಾವ. "ನೀವು ಬಂದ್ರೆ ಅದಕ್ಕೂ ಖುಷಿ, ನಂಗೂ ಖುಷಿ."

ಅತ್ತೆ ಸ್ವಲ್ಪ ಯೋಚಿಸಿದರು. ತಮ್ಮ ಮನೆಯವರು ಬಂದು ಹುಡುಕಿದರೆ ಏನು ಮಾಡುವುದೆಂದು ಕೇಳಿದರು. ಮಾವ ಕಿಸೆಯಿಂದ ಒಂದು ಚೀಟಿ ತೆಗೆದು ಟೀಪಾಯಿಯ ಮೇಲಿಟ್ಟರು.

"ಅವ್ರಿಗೆ ವಿಳಾಸ ಇಟ್ಟು ಹೋಗ್ವಾ. ಹುಡ್ಕಂಡು ಬತ್ರು."

ಅತ್ತೆ ಅದು ಹಾರಿಹೋಗದಂತೆ ಮೇಲೆ ಚಹಾದ ಲೋಟ ಇಟ್ಟು, ಎದ್ದು ಮಾವನ ಹಿಂದೆ ಹೊರಟರು.