ಮಳೆ ಡೈರಿಯಲ್ಲಿ ಗುಂಡಣ್ಣನ ಸಕ್ಕರೆ

ಇರುವ ಒಬ್ಬನೇ ಅಳಿಯನಿಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟು, ಅದೇ ಹೊತ್ತಿಗೆ ಬೆಕ್ಕಿಗೆ ಬೇಯಿಸಿದ ಕೋಳಿ ಬಡಿಸಿದ ಮಾವ ಇಡೀ ಮೂಡಿಗೆರೆ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನನ್ನ ಮಾವನವರು! ಇದನ್ನು ನಾನು ದೂರು ಎಂದು ಹೇಳುತ್ತಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಆ ಮನೆಯಲ್ಲಿ ನನ್ನ ಸ್ಥಾನ ಎರಡನೆಯದು ಎಂಬುದನ್ನು ಒಪ್ಪಿಕೊಂಡು ಸುಖವಾಗಿದ್ದೇನೆ. ಮೊದಲ ಸ್ಥಾನ ಗುಂಡಣ್ಣನದು. ಗುಂಡಣ್ಣ ಎಂದರೆ ಕೇಸರಿ ಬಣ್ಣದ, ಒಂದು ಕಿವಿ ಅರ್ಧ ಹರಿದುಹೋದ ಗಂಡುಬೆಕ್ಕು. ಬರೀ 'ಗುಂಡ' ಎಂದು ಕರೆದರೆ ಮಾವನವರ ಮುಖ ಕೆಂಪಾಗುತ್ತದೆ. "ಹಿರಿ ಜೀವ ಅದು. ಅಣ್ಣ ಅನ್ನೋಕೆ ಎಂತ ಕಷ್ಟ ನಿಮಗೆ?" ಎನ್ನುತ್ತಾರೆ.

ಮಾವನವರದ್ದು ಬಾಳೂರಿನ ಹತ್ತಿರ ಸಣ್ಣದೊಂದು ಕಾಫಿ ತೋಟ. ತೋಟಕ್ಕಿಂತ ಅವರಿಗೆ ಹೆಚ್ಚು ಮುಖ್ಯವಾದದ್ದು ಅಂಗಳದ ಮೂಲೆಯಲ್ಲಿರುವ ಮಳೆಮಾಪಕ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುವುದು, ಡೈರಿಯಲ್ಲಿ ಬರೆಯುವುದು, ಆಮೇಲೆ ಫೋನು ಹಿಡಿಯುವುದು. ಕಾಫಿ ಬೆಳೆಗಾರರು ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಆರೋಗ್ಯವೇ ಎಂದು ಕೇಳುತ್ತಾರೆ ಅಂದುಕೊಂಡಿರಾ? ಇಲ್ಲ. "ನಿಮ್ಮಲ್ಲಿ ಎಷ್ಟು ಬಂತು?" ಎಂದು ಕೇಳುತ್ತಾರೆ. ಉತ್ತರ ಇಂಚಿನಲ್ಲಿ, ಇಂಚಿನ ನೂರನೇ ಒಂದು ಪಾಲಾದ ಸೆಂಟಿನಲ್ಲಿ ಬರುತ್ತದೆ. ಮಳೆ ಜಾಸ್ತಿಯಾಗಿ ಕಾಯಿ ಉದುರಿದರೂ ಮಾವನವರು ಸಹಿಸಿಕೊಳ್ಳುತ್ತಾರೆ. ಪಕ್ಕದ ತೋಟದವರಿಗಿಂತ ಐದು ಸೆಂಟು ಕಡಿಮೆ ಬಿತ್ತೆಂದರೆ ಮಾತ್ರ ಆ ದಿನ ಅವರಿಗೆ ಊಟ ಸೇರುವುದಿಲ್ಲ.

ಮೂರು ವರ್ಷದ ಕೆಳಗೆ ಮೂಡಿಗೆರೆಯ ಪಶುವೈದ್ಯರು ಗುಂಡಣ್ಣನಿಗೆ ಸಕ್ಕರೆ ಕಾಯಿಲೆ ಎಂದಾಗ ಮಾವನವರು ನಂಬಲೇ ಇಲ್ಲ. "ಇಲಿ ತಿನ್ನೋ ಪ್ರಾಣಿಗೆ ಎಂತ ಸಕ್ಕರೆ ಕಾಯಿಲೆ ಮಾರಾಯ್ರೆ? ಇಲಿ ಎಂತ ಜಾಮೂನಾ?" ಎಂದು ಜಗಳವನ್ನೇ ತೆಗೆದಿದ್ದರು. ಕೊನೆಗೆ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚುವುದನ್ನು ಕಲಿತರು. ಅನ್ನ, ರೊಟ್ಟಿ ಬಂದ್ ಆಗಿ ಬರೀ ಕೋಳಿ, ಮೀನು ಶುರುವಾಯಿತು. ಐದು ತಿಂಗಳಿಗೆ ಇನ್ಸುಲಿನ್ ಬೇಡವೆನ್ನುವಷ್ಟು ಸಕ್ಕರೆ ಇಳಿಯಿತು. ಡಾಕ್ಟರು, "ಕಾಯಿಲೆ ಸದ್ಯಕ್ಕೆ ಹಿಂದೆ ಸರಿದಿದೆ, ಇದಕ್ಕೆ ರೆಮಿಶನ್ ಅಂತೀವಿ. ವಾಪಸ್ ಬರಬಹುದು, ನಿಗಾ ಇಡಿ" ಎಂದರು. ಮಾವನವರ ಕಿವಿ ಮೊದಲ ಮಾತಿಗೇ ತುಂಬಿಹೋಗಿತ್ತು. ಅಂದಿನ ಡೈರಿಯಲ್ಲಿ 'ಮಳೆ ಇಲ್ಲ. ಗುಂಡಣ್ಣ ಗೆದ್ದ' ಎಂದು ಬರೆದು ಎಲ್ಲರಿಗೂ ಫೋನು ಮಾಡಿದರು.

"ಗೆದ್ನಾ? ಯಾವ ವಾರ್ಡಿಂದ?" ಎಂದರಂತೆ ಪಕ್ಕದ ತೋಟದವರು.

ಆದರೆ ಕಾಯಿಲೆ ಹಿಂದೆ ಸರಿದದ್ದು ಮನೆ ಬಿಟ್ಟು ಹೋಗುವುದಕ್ಕಲ್ಲ. ಅದು ವಾಪಸ್ ಬಂದದ್ದನ್ನು ಮೊದಲು ಹೇಳಿದ್ದು ಯಾವ ಡಾಕ್ಟರೂ ಅಲ್ಲ, ಮಳೆ ಡೈರಿ! ಕಳೆದ ವರ್ಷ ಮಳೆಗಾಲ ಶುರುವಾದಾಗ ನಮ್ಮ ಮಾವನವರ ಲೆಕ್ಕ ದಿನವೂ ಪಕ್ಕದ ತೋಟಕ್ಕಿಂತ ಹದಿನೈದು ಇಪ್ಪತ್ತು ಸೆಂಟು ಕಡಿಮೆ ಬರತೊಡಗಿತು. ಮೊದಲ ವಾರ ಅವರು ಪಕ್ಕದವರು ಸುಳ್ಳು ಹೇಳುತ್ತಿದ್ದಾರೆ ಎಂದರು. ಎರಡನೆಯ ವಾರ ಮಾತು ಬಿಟ್ಟರು. ನಿಜ ಸಂಗತಿ ಕಂಡದ್ದು ಒಂದು ಭಾನುವಾರ, ವಾರಕ್ಕೊಮ್ಮೆ ಹೆಂಡತಿಯೊಂದಿಗೆ ಅಲ್ಲಿಗೆ ಹೋಗುವ ನಾನು ಜಗಲಿಯಲ್ಲಿ ಕೂತಿದ್ದಾಗ. ಮಾಪಕದೊಳಗಿನ ಗಾಜಿನ ಬಾಟಲಿ ಒಡೆದು ಎಷ್ಟೋ ಕಾಲವಾಗಿ, ಅದರ ಜಾಗದಲ್ಲಿ ಒಂದು ಅಗಲ ಬಾಯಿಯ ಸ್ಟೀಲ್ ಡಬ್ಬಿ ಇತ್ತು. ಡಬ್ಬಿಯನ್ನು ಜಗಲಿಯ ಮೇಲೆ ತಂದಿಟ್ಟು, ಒಳಗೆ ಹೋಗಿ ಕನ್ನಡಕ ಹುಡುಕಿ ತಂದು, ಆಮೇಲೆ ಅಳತೆಯ ಗಾಜಿಗೆ ಸುರಿಯುವುದು ಮಾವನವರ ಕ್ರಮ. ಕನ್ನಡಕ ಸಿಗುವುದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷದಲ್ಲಿ ಗುಂಡಣ್ಣ ಡಬ್ಬಿಗೆ ಮುಖ ತೂರಿಸಿ, ಬಾಳೂರಿನ ಮಳೆಯನ್ನು ಲೊಚಲೊಚನೆ ಕುಡಿಯುತ್ತಿದ್ದ!

"ಮಾವ, ನಿಮ್ಮ ಮಳೆ ಇಲ್ಲಿದೆ ನೋಡಿ" ಎಂದು ಕೂಗಿದೆ. ಹೊರಗೆ ಬಂದ ಮಾವನವರು ನಗಲಿಲ್ಲ. ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿದರು. ಮೂಳೆ ಕೈಗೆ ಸಿಗುತ್ತಿತ್ತು. "ಮೊದಲ ಸಲ ಕಾಯಿಲೆ ಬಂದಾಗ್ಲೂ ಹಿಂಗೇ ನೀರು ಕುಡೀತಿದ್ದ" ಎಂದಷ್ಟೇ ಹೇಳಿದರು. ಮುನಿಸು ಬಿಟ್ಟು ಪಕ್ಕದ ತೋಟದವರಿಗೆ ಫೋನು ಮಾಡಿ ಕ್ಷಮೆ ಕೇಳಿದ ಮೇಲೆಯೇ ಜೀಪು ಹತ್ತಿದ್ದು.

ಈ ಸಲ ಡಾಕ್ಟರು ಮನೆಯಲ್ಲೇ ರಕ್ತ ಪರೀಕ್ಷೆ ಮಾಡಿ ಎಂದರು. ಕಿವಿಯ ಅಂಚನ್ನು ಬೆಚ್ಚಗಿನ ಬಟ್ಟೆಯಲ್ಲಿ ಒತ್ತಿ, ಸೂಜಿಯಿಂದ ಒಂದೇ ಒಂದು ಹನಿ ತೆಗೆದು, ಯಂತ್ರಕ್ಕೆ ಹಿಡಿಯಬೇಕು. ಇಷ್ಟು ಸೂಕ್ಷ್ಮ ಕೆಲಸವನ್ನು ಮೊದಲೇ ಗುಂಡಣ್ಣನ ಮೇಲೆ ಮಾಡುವುದು ಸರಿಯಲ್ಲ, ಯಾರ ಮೇಲಾದರೂ ಅಭ್ಯಾಸ ಮಾಡಬೇಕು ಎಂದು ಮಾವನವರಿಗೆ ಅನ್ನಿಸಿತು. ಯಾರ ಮೇಲೆ ಎಂದು ನಾನು ಬೇರೆ ಹೇಳಬೇಕೇ? ನನ್ನ ನಾಲ್ಕು ಬೆರಳು ತೂತು ಮಾಡಿ, "ನೂರ ನಲವತ್ತೆರಡು! ಅಳಿಯಂದ್ರೆ, ಗುಂಡಣ್ಣನ ಡಾಕ್ಟ್ರಿಗೇ ನಿಮ್ಮನ್ನೂ ಒಂದು ಸಲ ತೋರಿಸ್ಲಾ?" ಎಂದರು.

ಮರುದಿನವೇ ಮನೆಯಲ್ಲಿ ಸಕ್ಕರೆ ನಿಷೇಧ ಜಾರಿಗೆ ಬಂತು. "ಮನೇಲಿ ರೋಗಿ ಮಲಗಿರುವಾಗ ನಾವು ಸಿಹಿ ತಿಂತಾ ಕೂರೋದಾ?" ಸಕ್ಕರೆ, ಬೆಲ್ಲ, ಜೇನುಪೆಟ್ಟಿಗೆಯ ತುಪ್ಪ ಎಲ್ಲವನ್ನೂ ಹುಡುಕಿ ಹುಡುಕಿ ತೋಟದ ಕೆಲಸದವರ ಲೈನ್ ಮನೆಗಳಿಗೆ ಹಂಚಿದರು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ, ಅದಕ್ಕೆ ಅಪಾಯ ಅನ್ನ ರೊಟ್ಟಿಯಿಂದ ಎಂದು ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲ. ಅತ್ತೆ ಖಾಲಿ ಡಬ್ಬಿಗಳನ್ನು ತೊಳೆದು ಕವುಚಿ ಹಾಕಿದರು. ನಾನು ಭಾನುವಾರದ ಕಾಫಿಯನ್ನು ಕಷಾಯದಂತೆ ಕಣ್ಣು ಮುಚ್ಚಿ ಕುಡಿಯತೊಡಗಿದೆ.

ಜುಲೈನಲ್ಲಿ ಮೂರು ದಿನ ಕರೆಂಟು ಹೋಯಿತು. ಫ್ರಿಜ್ಜು ಬಿಸಿಯಾಯಿತು. ಇನ್ಸುಲಿನ್ ಕೆಡುವುದಿಲ್ಲವೇ? ಮಾವನವರು ಛತ್ರಿ ಹಿಡಿದು ರಸ್ತೆಗೆ ಹೋಗಿ, ಘಾಟಿ ಹತ್ತಿ ಬರುವ ಮೀನಿನ ಗಾಡಿಯನ್ನು ತಡೆದರು. ಮೀನು ಬೇಡ, ಮೀನಿನ ಕೆಳಗಿನ ಐಸು ಬೇಕು ಎಂದರು! ಐಸನ್ನು ಫ್ಲಾಸ್ಕಿಗೆ ತುಂಬಿ, ಬಟ್ಟೆ ಸುತ್ತಿದ ಔಷಧಿಯ ಸೀಸೆಯನ್ನು ಅದರ ಮೇಲಿಟ್ಟರು. ಅಲ್ಲಿಯವರೆಗೆ ಸಿರಿಂಜು ಕಂಡರೆ ಅಟ್ಟ ಹತ್ತುತ್ತಿದ್ದ ಗುಂಡಣ್ಣ, ಔಷಧಿಗೆ ಬಂಗುಡೆ ಮೀನಿನ ವಾಸನೆ ಹತ್ತಿದ ಮೇಲೆ ತಾನೇ ಬಂದು ಮಾವನವರ ತೊಡೆಯ ಮೇಲೆ ಕೂರತೊಡಗಿದ.

ಇಷ್ಟೆಲ್ಲ ಮಾಡಿದರೂ ಸಕ್ಕರೆ ಇಳಿಯಲೊಲ್ಲದು. ಡೈರಿಯಲ್ಲಿ ಮಳೆಯ ಪಕ್ಕ ಸಕ್ಕರೆಗೂ ಒಂದು ಸಾಲು ಬಂದಿತ್ತು. ಮುನ್ನೂರ ಹತ್ತು, ಮುನ್ನೂರ ನಲವತ್ತು. ಡಾಕ್ಟರು ಎರಡು ಸಲ ಡೋಸು ಏರಿಸಿದರು. "ಈ ಮನೇಲಿ ಯಾರೋ ಕಳ್ಳ ಇದಾರೆ" ಎಂದು ಮಾವನವರು ತೀರ್ಮಾನಿಸಿ, ಅಕ್ಟೋಬರಿನ ಒಂದು ಭಾನುವಾರ ಎಲ್ಲರನ್ನೂ ಜಗಲಿಯಲ್ಲಿ ನಿಲ್ಲಿಸಿದರು. ಒಣಹಾಕಿದ ಮೆಣಸು ಕಳುವಾದಾಗ ಆಗುವ ವಿಚಾರಣೆಯೇ ಅದು. ಅತ್ತೆ, ನನ್ನ ಹೆಂಡತಿ, ತೋಟದ ಮೇಸ್ತ್ರಿ ಮತ್ತು ನಾನು.

"ಗುಂಡಣ್ಣಂಗೆ ಯಾರ್ಯಾರು ಎಂತೆಂತ ಹಾಕ್ತೀರಿ?"

"ನೀವು ಹೇಳಿದ ಕೋಳಿ ಬಿಟ್ರೆ ನಾನು ಏನೂ ಹಾಕಲ್ಲ" ಎಂದರು ಅತ್ತೆ.

"ಏನೂ ಇಲ್ವಾ?"

"ರೊಟ್ಟಿ ಸುಡುವಾಗ ಕಾಲಿಗೆ ಸುತ್ಕೊಳ್ತದೆ. ಒಂದು ಚೂರು ಅಕ್ಕಿರೊಟ್ಟಿ. ಅದು ಊಟ ಹಾಕಿದ್ದಲ್ಲ ರೀ, ಮಾತಾಡ್ಸಿದ್ದು."

ಮೇಸ್ತ್ರಿ ತಲೆ ಕೆರೆದುಕೊಂಡ. "ಗೌಡ್ರೆ, ನಾನು ಬನ್ ತಿನ್ನುವಾಗ ಎದುರಿಗೇ ಬಂದು ಕೂರ್ತದೆ. ಅದರ ಮುಖ ನೋಡ್ಕಂಡು ಒಬ್ನೇ ತಿನ್ನೋಕೆ ಆಗ್ತದಾ? ನಾನೂ ಮಾತಾಡ್ಸಿದ್ದಷ್ಟೇ." ನನ್ನ ಹೆಂಡತಿ ಇಡ್ಲಿಯಿಂದ ಮಾತಾಡಿಸುತ್ತಿದ್ದಳು. ನಾನು, ಮುಚ್ಚಿಡುವುದೇಕೆ, ಕಹಿ ಕಾಫಿಯಲ್ಲಿ ಅದ್ದಿದ ರಸ್ಕಿನಿಂದ. ನಮ್ಮ ಕಡೆಯ ಅಭ್ಯಾಸವೇ ಹಾಗೆ. ಮನೆಗೆ ಬಂದವರನ್ನು ಬಾಯಿಗೆ ಏನಾದರೂ ಕೊಡದೆ ಕಳಿಸುವುದಿಲ್ಲ, ಕೊಟ್ಟದ್ದನ್ನು ಊಟವೆಂದು ಎಣಿಸುವುದೂ ಇಲ್ಲ. ಗುಂಡಣ್ಣನಾದರೋ ದಿನಕ್ಕೆ ಇಪ್ಪತ್ತು ಸಲ ಮನೆಗೆ ಬರುತ್ತಿದ್ದ!

ಮಾವನವರು ಗುಡುಗುವುದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ, "ಎಲ್ಲರನ್ನೂ ಕೇಳಿದ್ರಿ. ಬೆಳಿಗ್ಗೆ ಡೈರಿ ಬರೆಯುವಾಗ ನಿಮ್ಮ ತಟ್ಟೆಯ ಅರ್ಧ ಕಡುಬು ಎಲ್ಲಿಗೆ ಹೋಗ್ತದೆ?" ಎಂದರು.

ಮಾವನವರು ಮಳೆಮಾಪಕದ ಕಡೆ ಮುಖ ತಿರುಗಿಸಿದರು. "ಅದು... ನಾವಿಬ್ರೂ ಮಳೆ ವಿಚಾರ ಮಾತಾಡ್ತೇವೆ."

ಅಂದಿನಿಂದ ಗುಂಡಣ್ಣನನ್ನು ಮಾತಾಡಿಸುವುದು ಪೂರ್ತಿ ಬಂದ್ ಆಯಿತು. ಆದರೆ ನಾವು ಒಂದು ತಪ್ಪು ಮಾಡಿದೆವು. ಏರಿಸಿದ ಡೋಸು ಆ ಕಳ್ಳ ತಿಂಡಿಗೆಲ್ಲ ಸೇರಿಸಿ ಏರಿಸಿದ್ದು, ತಿಂಡಿ ನಿಂತಿತೆಂದು ಡಾಕ್ಟರಿಗೆ ತಿಳಿಸಬೇಕು ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಂಡಣ್ಣ ಅಂಗಳದಲ್ಲಿ ಕುಡಿದವನಂತೆ ನಡೆದು ಬಂದ. ಹಿಂಗಾಲು ಎಳೆಯುತ್ತಿತ್ತು. ಜಗಲಿಯ ಕಂಬಕ್ಕೆ ಢಿಕ್ಕಿ ಹೊಡೆದು ಮಗ್ಗುಲಾಗಿ ಬಿದ್ದ. ದಿನವೂ ಪರೀಕ್ಷೆ ಮಾಡುತ್ತಿದ್ದ ಮಾವನವರ ಕೈಯಿಂದ ಸೂಜಿ ಜಾರಿ ಕೆಳಗೆ ಬಿತ್ತು. ನಾನೇ ಕಿವಿ ಚುಚ್ಚಿದೆ. ಮೂವತ್ತೊಂಬತ್ತು! ಮಾವನವರು ಒಂದೇ ಚಪ್ಪಲಿಯಲ್ಲಿ ಕಣದ ಕಡೆ ಓಡಿದರು. ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಆ ಕಣದ ಮೂಲೆಯಲ್ಲಿ ಮಾತ್ರ. ಡಾಕ್ಟರಿಗೆ ಫೋನು ಮಾಡಿ ಅಲ್ಲಿಂದಲೇ ಕೂಗಿದರು. "ಸಕ್ಕರೆ ನೀರು ಒಸಡಿಗೆ ಹಚ್ಬೇಕಂತೆ! ಈಗ್ಲೇ ಅಂತೆ! ಸಕ್ಕರೆ ತಗೊಂಡು ಬಾರೇ!"

ಕೂಗಿದ ಮೇಲೆ ಅವರಿಗೆ ನೆನಪಾಯಿತು. ಸಕ್ಕರೆ ಎಲ್ಲಿದೆ? ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಒಂದು ಕಾಳು ಸಕ್ಕರೆಯಿಲ್ಲ. ಭಾನುವಾರವೆಂದು ಎಲ್ಲರೂ ಸಂತೆಗೆ ಹೋಗಿ ಲೈನ್ ಮನೆಗಳಿಗೆಲ್ಲ ಬೀಗ ಬಿದ್ದಿತ್ತು. ಅಂಗಡಿಗೆ ಜೀಪಿನಲ್ಲಿ ಹೋಗಿ ಬರಲು ಅರ್ಧ ಗಂಟೆ. ಮಾವನವರು ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. "ನನ್ನ ಕೈಯಾರೆ ಕೊಂದೆ ಅಳಿಯಂದ್ರೆ ಇವನನ್ನ" ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಎದ್ದರು. ಅಡುಗೆಮನೆಗೆ ಹೋದರು, ಸ್ಟೂಲು ಹತ್ತಿದರು, ಮೇಲಿನ ಹಲಗೆಯಿಂದ ಮಿಡಿ ಉಪ್ಪಿನಕಾಯಿಯ ಭರಣಿ ಇಳಿಸಿದರು. ಬಿಪಿಯ ಕಾರಣ ಮಾವನವರು ಆ ಭರಣಿಯ ಕಡೆ ತಲೆಯೂ ಹಾಕುವುದಿಲ್ಲ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಒಳಗೆ ಬೆಳ್ಳಗೆ ಸಕ್ಕರೆ!

ನೀರಲ್ಲಿ ಕರಗಿಸಿ, ಅತ್ತೆಯೇ ಬೆರಳಿನಿಂದ ಒಸಡಿಗೆ ಹಚ್ಚಿದರು. ಹತ್ತು ನಿಮಿಷಕ್ಕೆ ಅರವತ್ತೆಂಟು. ಇನ್ನೂ ಹತ್ತು ನಿಮಿಷಕ್ಕೆ ನೂರ ನಾಲ್ಕು. ಗುಂಡಣ್ಣ ಕಣ್ಣು ಬಿಟ್ಟು, ಯಾರ ಬೆರಳು ಎಂದೂ ನೋಡದೆ ಕಚಕ್ಕನೆ ಕಚ್ಚಿದ. "ಕಚ್ಚಿದ! ಕಚ್ಚಿದ ಮಾರಾಯ್ರೆ!" ಎಂದು ಮಾವನವರು ಕುಣಿದೇಬಿಟ್ಟರು. ಅತ್ತೆಯ ಬೆರಳಲ್ಲಿ ರಕ್ತ ಬರುತ್ತಿತ್ತು, ಅವರೂ ನಗುತ್ತಿದ್ದರು.

"ಉಪ್ಪಿನಕಾಯಿ ಭರಣೀಲಿ ಸಕ್ಕರೆ ಯಾವಾಗಿಂದ?"

"ನೀವು ಬಂದ್ ಮಾಡಿದ ಮಾರನೇ ದಿನದಿಂದ."

ನನಗೆ ತಡೆಯಲಾಗಲಿಲ್ಲ. "ಅತ್ತೆ, ನಾನು ಹದಿನೈದು ಭಾನುವಾರ ಕಹಿ ಕುಡಿದೆನಲ್ಲ!"

"ನಿಮ್ಮ ಹೊಟ್ಟೇಲಿ ಗುಟ್ಟು ನಿಲ್ಲಲ್ಲ ಅಳಿಯಂದ್ರೆ" ಎಂದರು.

ಡಾಕ್ಟರು ಅಂದೇ ಡೋಸು ಅರ್ಧಕ್ಕಿಳಿಸಿದರು. ಆಮೇಲೆ ಡೈರಿಯ ಅಂಕಿಗಳು ಒಂದೊಂದಾಗಿ ಇಳಿದವು. ಇನ್ನೂರು, ನೂರೈವತ್ತು, ನೂರ ಹತ್ತು. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಇನ್ಸುಲಿನ್ ಎರಡನೆಯ ಸಲ ನಿಂತುಹೋಯಿತು! ಹೀಗಾಗುವುದು ಬಲು ಅಪರೂಪ ಎಂದು ಡಾಕ್ಟರೇ ಮಾವನವರ ಕೈ ಕುಲುಕಿದರು. 'ಮಳೆ ಇಲ್ಲ. ಗುಂಡಣ್ಣ ಮತ್ತೆ ಗೆದ್ದ. ನಿಗಾ ಇಡಬೇಕು' ಎಂದು ಡೈರಿಯಲ್ಲಿ ಬರೆದಾಯಿತು. ಈ ಸಲ ಡಾಕ್ಟರ ಮಾತು ಪೂರ್ತಿ ಕಿವಿಗೆ ಬಿದ್ದಿತ್ತು. "ಎರಡು ಸಲ ಗೆದ್ದವನು! ಮುಂದಿನ ಸಲ ಪಂಚಾಯ್ತಿಗೆ ಅವನನ್ನೇ ನಿಲ್ಸೋಣ" ಎಂದರಂತೆ ಪಕ್ಕದ ತೋಟದವರು.

ಮೊನ್ನೆ ಹೋದಾಗ ಜಗಲಿಯಲ್ಲಿ ಡೈರಿ ತೆರೆದಿತ್ತು. ಮಳೆಯ ಸಾಲು, ಸಕ್ಕರೆಯ ಸಾಲು, ಪಕ್ಕದಲ್ಲಿ ಹೊಸದೊಂದು ಸಾಲು. 'ಇವಳ ಕಾಫಿ: ಎರಡು ಚಮಚ.' ದಿನವೂ ಅದೇ. ಗುಂಡಣ್ಣ ಬಿದ್ದ ಆ ಭಾನುವಾರದ ಮಾರನೆಯ ದಿನದಿಂದ ಬಿಡದೆ ಬರೆದಿದ್ದರು.

"ಇದೆಂತ ಮಾವ?"

ಮಾವನವರು ಕನ್ನಡಕ ಒರೆಸಿದರು. "ಬೆಳಿಗ್ಗೆ ಅವಳ ಕಾಫಿ ಈಗ ನಾನೇ ಮಾಡೋದು. ಗುಂಡಣ್ಣನ ಸಕ್ಕರೆ ಎಷ್ಟು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತಿದ್ದೆ. ಇವಳು ಕಾಫಿಗೆ ಎಷ್ಟು ಹಾಕ್ಕೊಳ್ತಾಳೆ ಅಂತ ಗೊತ್ತಿರ್ಲಿಲ್ಲ ನೋಡಿ. ಅದಕ್ಕೆ ಭರಣಿಗೆ ಕೋಲು ಇಳಿಸಿ ಅಳೆದೆ. ತುಂಬಿದ್ದು ಎಷ್ಟು, ಉಳಿದಿದ್ದು ಎಷ್ಟು, ದಿನ ಎಷ್ಟು. ಸರಿಯಾಗಿ ಎರಡು ಚಮಚ ಬಂತು."

"ಅತ್ತೇನೇ ಕೇಳಬಹುದಿತ್ತಲ್ಲ?"

"ಮದುವೆಯಾಗಿ ಮೂವತ್ತೆಂಟು ವರ್ಷ ಆದ್ಮೇಲೆ ಹೆಂಗೆ ಕೇಳೋದು ಮಾರಾಯ್ರೆ? ನಾಚಿಕೆ ಆಗ್ತದೆ."

ಡೈರಿ ಮುಚ್ಚಿಟ್ಟೆ. ಏಳಲೊಂದು ನೆಪ ಬೇಕಾಗಿ ಅಡುಗೆಮನೆಗೆ ಹೋದೆ. ಅತ್ತೆ ಕಿಟಕಿಯ ಹತ್ತಿರ ಕೂತು ಕಾಫಿ ಕುಡಿಯುತ್ತಿದ್ದರು. ಮಾವನವರ ಅಳತೆಯ ಸಾಹಸವನ್ನು ಹೇಳಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ನಾನು ಹಾಕ್ಕೊಳ್ತಿದ್ದಿದ್ದು ಒಂದೇ ಚಮಚ ಅಳಿಯಂದ್ರೆ. ಇನ್ನೊಂದು ಮೇಸ್ತ್ರಿ ಕಾಫಿಗೆ ಹೋಗ್ತಿತ್ತು."

ಅಯ್ಯೋ, ಮಳೆ ಕುಡಿದು ಲೆಕ್ಕ ಕೆಡಿಸಿದ ಗುಂಡಣ್ಣನಂತೆ ಇಲ್ಲಿಯೂ ಒಬ್ಬ! "ಹಾಗಾದ್ರೆ ಇದು ಪಾಯಸ ಆಗಿರ್ತದಲ್ಲ ಅತ್ತೆ. ಅವರಿಗೆ ಹೇಳಬಾರದಾ?"

ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬೇಡ, ನೀವೂ ಹೇಳ್ಬೇಡಿ. ನಂಗೆ ಅಂತ ಅವರು ಅಳೆದಿದ್ದು ಇದೊಂದೇ."

ಜಗಲಿಯಿಂದ ಮಾವನವರ ದನಿ ಬಂತು. "ಏ ಇವಳೇ, ಸಕ್ಕರೆ ಸರಿ ಇತ್ತಾ?"

ಅತ್ತೆ ಲೋಟವನ್ನು ಪೂರ್ತಿ ಮೇಲಕ್ಕೆತ್ತಿ, ತಳದಲ್ಲಿ ಕರಗದೆ ಉಳಿದಿದ್ದ ಸಕ್ಕರೆಯನ್ನೂ ಬಾಯಿಗೆ ಹಾಕಿಕೊಂಡರು.

"ಸರೀ ಇತ್ತು ಕಣ್ರೀ" ಎಂದರು.